ಹಬೆ ಹಾಯಿಸಿ ತೊಳೆದರೆ ಉಕ್ಕಿನ ಪೈಪಿಗೇನಾಗುತ್ತದೆ?

ಎತ್ತಿನ ಗಾಡಿಯ ಮರದ ಚಕ್ರಕ್ಕೆ ಕಬ್ಬಿಣದ ಹಳಿ ತೊಡಿಸುವುದನ್ನು ಹಳ್ಳಿಗಳಲ್ಲಿ ಬೆಳೆದ ಹಲವರು ನೋಡಿರಬಹುದು. ಹಳಿಯ ಅಳತೆ ಚಕ್ರಕ್ಕಿಂತ ತುಸು ಚಿಕ್ಕದಾಗಿರುತ್ತದೆ. ಕಮ್ಮಾರರು ಅದನ್ನು ಬೆಂಕಿಯಲ್ಲಿ ಚೆನ್ನಾಗಿ ಕಾಯಿಸುತ್ತಾರೆ. ಕಾದು ಹಿಗ್ಗಿದ ಹಳಿಯನ್ನು ಚಕ್ರದ ಸುತ್ತ ಕೂರಿಸಿ ತಕ್ಷಣ ನೀರು ಹುಯ್ಯುತ್ತಾರೆ. ತಣಿದ ಕಬ್ಬಿಣ ಕುಗ್ಗಲು ನೋಡುತ್ತದೆ, ಒಳಗಿರುವ ಮರ ಅದಕ್ಕೆ ಎಡೆ ಕೊಡುವುದಿಲ್ಲ. ಈ ಜಗ್ಗಾಟದಲ್ಲಿ ಹುಟ್ಟುವ ಬಿಗಿತವೇ ಚಕ್ರದ ತುಂಡುಗಳನ್ನೆಲ್ಲ ವರ್ಷಗಟ್ಟಲೆ ಒಟ್ಟಾಗಿ ಹಿಡಿದಿಡುತ್ತದೆ.

ಇದೇ ಬಿಗಿತ ಬೇಡದ ಕಡೆ ಹುಟ್ಟಿದರೆ? ತೈಲ ಶುದ್ಧೀಕರಣಾಗಾರಗಳಲ್ಲಿ, ಅಂದರೆ ರಿಫೈನರಿಗಳಲ್ಲಿ, ದುರಸ್ತಿಗೆ ಮುನ್ನ ಪೈಪುಗಳ ಒಳಗೆ ಹಬೆ ಹಾಯಿಸಿ ತೊಳೆಯುವಾಗ ಎದುರಾಗುವ ಪ್ರಶ್ನೆ ಇದು. ಮೇಲ್ನೋಟಕ್ಕೆ ಇಲ್ಲಿ ಹೆದರುವಂಥದ್ದೇನೂ ಕಾಣುವುದಿಲ್ಲ. ರಿಫೈನರಿಯ ಕುಲುಮೆಯಿಂದ ಹೊರಬರುವ ಕಚ್ಚಾತೈಲ ಸುಮಾರು 350 ಡಿಗ್ರಿ ಸೆಲ್ಸಿಯಸ್ ಬಿಸಿಯಿರುತ್ತದೆ. ತೊಳೆಯಲು ಬಳಸುವ ಹಬೆ ಸಾಮಾನ್ಯವಾಗಿ 150 ಡಿಗ್ರಿಯ ಆಸುಪಾಸಿನದು. ಅಷ್ಟು ಬಿಸಿ ತಾಳುವ ಉಕ್ಕಿಗೆ ಇಷ್ಟು ಹಬೆ ಏನು ಮಾಡೀತು? ಅದೂ ಬರೀ ನೀರಿನ ಹಬೆ!

ಈ ನಂಬಿಕೆ ಏಕೆ ತಪ್ಪು ಎಂಬುದನ್ನು ನಾವಿಲ್ಲಿ ನೋಡೋಣ. ಒಂದೇ ಮಾತಿನಲ್ಲಿ ಹೇಳುವುದಾದರೆ, ಇಲ್ಲಿ ಪೈಪಿನ ಕ್ಷೇಮ ಅದು ಎಷ್ಟು ಬಿಸಿಯಾಯಿತು ಎಂಬುದಕ್ಕಿಂತ ಎರಡು ಬೇರೆ ಸಂಗತಿಗಳನ್ನು ಅವಲಂಬಿಸಿದೆ. ಹಿಗ್ಗಲು ಅದಕ್ಕೆ ಜಾಗವಿದೆಯೇ? ಎಲ್ಲ ಕಡೆಯೂ ಸಮನಾಗಿ ಬಿಸಿಯಾಗುತ್ತಿದೆಯೇ?

ಹಬೆಯಿಂದ ತೊಳೆಯುವುದು ಏಕೆ?

ರಿಫೈನರಿಗಳು ವರ್ಷಗಟ್ಟಲೆ ಹಗಲೂ ರಾತ್ರಿ ನಡೆಯುತ್ತವೆ. ಕೆಲವು ವರ್ಷಗಳಿಗೊಮ್ಮೆ ಘಟಕಗಳನ್ನು ನಿಲ್ಲಿಸಿ ಪೈಪು, ಗೋಪುರ, ಕವಾಟಗಳನ್ನೆಲ್ಲ ಪರಿಶೀಲಿಸಿ ದುರಸ್ತಿ ಮಾಡುತ್ತಾರೆ. ಇದಕ್ಕೆ ಶಟ್‌ಡೌನ್ ಎನ್ನುತ್ತಾರೆ. ಆಗ ಪೈಪು ಕತ್ತರಿಸಬೇಕು, ಬೆಸುಗೆ ಹಾಕಬೇಕು, ಕೆಲವು ಪಾತ್ರೆಗಳೊಳಗೆ ಮನುಷ್ಯರು ಇಳಿಯಬೇಕು. ಒಳಗೆ ಎಣ್ಣೆಯ ಆವಿ ಉಳಿದಿದ್ದರೆ ಬೆಸುಗೆಯ ಒಂದು ಕಿಡಿ ಸಾಕು, ಅನಾಹುತವಾಗುತ್ತದೆ.

ಹಾಗಾಗಿ ಮೊದಲು ಒಳಗಿನ ದ್ರವವನ್ನು ಬಸಿದು, ಆಮೇಲೆ ಹಬೆ ಹಾಯಿಸುತ್ತಾರೆ. ಹಬೆ ಮೂರು ಕೆಲಸ ಮಾಡುತ್ತದೆ. ಗೋಡೆಗಂಟಿದ ಎಣ್ಣೆಯನ್ನು ಕರಗಿಸಿ ಸಡಿಲಿಸುತ್ತದೆ, ಹಗುರ ಎಣ್ಣೆಗಳನ್ನು ಆವಿಯಾಗಿಸಿ ಹೊರಗೆ ಒಯ್ಯುತ್ತದೆ, ಒಳಗಿನ ಗಾಳಿಯನ್ನು ಹೊರದೂಡಿ ಬೆಂಕಿಗೆ ಬೇಕಾದ ಆಮ್ಲಜನಕ ಇರದಂತೆ ನೋಡಿಕೊಳ್ಳುತ್ತದೆ. ರಿಫೈನರಿಯಲ್ಲಿ ಹಬೆಗೆ ಬರವಿಲ್ಲ, ಬಾಯ್ಲರುಗಳು ಹೇಗೂ ಇರುತ್ತವೆ. ಅಗ್ಗ, ಸುಲಭ, ಪರಿಣಾಮಕಾರಿ. ಆದ್ದರಿಂದಲೇ ಜಗತ್ತಿನ ಎಲ್ಲ ಕಡೆ ಈ ವಿಧಾನ ರೂಢಿಯಲ್ಲಿದೆ. ಅದನ್ನು ಬಿಡಬೇಕೆಂಬುದು ನಮ್ಮ ವಾದವಲ್ಲ. ಅದರ ಹಿಂದಿನ ಲೆಕ್ಕವನ್ನು ತಿಳಿದು ಮಾಡಬೇಕು ಎಂಬುದಷ್ಟೇ.

ಒಂದು ಗೇಣು ಉದ್ದವಾಗುವ ಪೈಪು

ಬಿಸಿಯಾದಾಗ ಲೋಹ ಹಿಗ್ಗುತ್ತದೆ ಎಂದು ಶಾಲೆಯಲ್ಲೇ ಓದಿದ್ದೇವೆ. ಎಷ್ಟು ಹಿಗ್ಗುತ್ತದೆ? ಪೈಪುಗಳಿಗೆ ಹೆಚ್ಚಾಗಿ ಬಳಸುವ ಕಾರ್ಬನ್ ಉಕ್ಕಿನ 1 ಮೀಟರ್ ಉದ್ದದ ತುಂಡು, 1 ಡಿಗ್ರಿ ಬಿಸಿ ಏರಿದರೆ 1 ಮಿಲಿಮೀಟರಿನ ಸುಮಾರು 12 ಸಾವಿರದ ಒಂದು ಭಾಗವಲ್ಲ, ಸಾವಿರದ 12 ಭಾಗದಷ್ಟು ಉದ್ದವಾಗುತ್ತದೆ. ಕೂದಲೆಳೆಗಿಂತಲೂ ಕಡಿಮೆ.

ಆದರೆ ರಿಫೈನರಿಯಲ್ಲಿ ಪೈಪುಗಳು ಮೀಟರುಗಳಲ್ಲಿ ಮುಗಿಯುವುದಿಲ್ಲ. 100 ಮೀಟರ್ ಉದ್ದದ ನೇರ ಪೈಪೊಂದು 30 ಡಿಗ್ರಿಯಲ್ಲಿದೆ ಎಂದುಕೊಳ್ಳಿ. ಹಬೆ ಹಾಯಿಸಿ 150 ಡಿಗ್ರಿಗೆ ತಂದರೆ ಬಿಸಿ ಏರಿದ್ದು 120 ಡಿಗ್ರಿ. ಗುಣಿಸಿದರೆ ಪೈಪು ಸುಮಾರು 144 ಮಿಲಿಮೀಟರ್ ಉದ್ದವಾಗಿರುತ್ತದೆ. ಅಂದರೆ ಹೆಚ್ಚುಕಡಿಮೆ ಅರ್ಧ ಅಡಿ! ಪೈಪು ಸ್ಟೇನ್‌ಲೆಸ್ ಸ್ಟೀಲಿನದಾದರೆ ಅದು ಇನ್ನೂ ಹೆಚ್ಚು ಹಿಗ್ಗುತ್ತದೆ, ಸುಮಾರು 200 ಮಿಲಿಮೀಟರ್.

ಈ ಅರ್ಧ ಅಡಿ ಎಲ್ಲಿಗಾದರೂ ಹೋಗಲೇಬೇಕು. ಪೈಪಿನ ತುದಿ ಆರಾಮವಾಗಿ ಸರಿಯುವಂತಿದ್ದರೆ ಏನೂ ತೊಂದರೆಯಿಲ್ಲ. ಎರಡೂ ತುದಿಗಳನ್ನು ಅಲುಗದಂತೆ ಕಟ್ಟಿಹಾಕಿದ್ದರೆ ಪೈಪು ತನ್ನನ್ನು ತಾನೇ ಒತ್ತಿಕೊಳ್ಳುತ್ತದೆ. ಗಾಡಿಯ ಹಳಿಯಲ್ಲಿ ಆದದ್ದೇ ಇಲ್ಲಿ ತಿರುಗುಮುರುಗಾಗಿ ಆಗುತ್ತದೆ. ಹೀಗೆ ಲೋಹದೊಳಗೆ ಹುಟ್ಟುವ ಬಿಗಿತಕ್ಕೆ ಎಂಜಿನಿಯರುಗಳು ಥರ್ಮಲ್ ಸ್ಟ್ರೆಸ್ ಎನ್ನುತ್ತಾರೆ. ಕನ್ನಡದಲ್ಲಿ ಉಷ್ಣ ಪೀಡನ ಎನ್ನಬಹುದು. ಪೈಪಿನೊಳಗಿನ ಹಬೆಯ ಒತ್ತಡವೇ ಬೇರೆ, ಲೋಹದೊಳಗಿನ ಈ ಪೀಡನವೇ ಬೇರೆ. ಒಳಗಿನ ಹಬೆಯ ಒತ್ತಡ ತೀರಾ ಕಡಿಮೆಯಿದ್ದಾಗಲೂ ಪೀಡನ ಮಿತಿ ಮೀರಬಹುದು. ಗೇಜ್ ನೋಡಿ 'ಪ್ರೆಶರ್ ಕಡಿಮೆಯೇ ಇದೆ' ಎಂದು ನಿಶ್ಚಿಂತರಾಗುವಂತಿಲ್ಲ.

ಪೂರ್ತಿ ಕಟ್ಟಿಹಾಕಿದ ಕಾರ್ಬನ್ ಉಕ್ಕಿನಲ್ಲಿ, ಏರುವ ಪ್ರತಿ ಡಿಗ್ರಿಗೂ ಸುಮಾರು 2.4 ಮೆಗಾಪ್ಯಾಸ್ಕಲ್ ಪೀಡನ ಹುಟ್ಟುತ್ತದೆ. ಒಂದು ಮೆಗಾಪ್ಯಾಸ್ಕಲ್ ಎಂದರೆ ಒಂದು ಚದರ ಸೆಂಟಿಮೀಟರಿನ ಮೇಲೆ ಸುಮಾರು 10 ಕಿಲೋ ಭಾರ ಹೇರಿದಂತೆ. ಸಾಮಾನ್ಯ ರಿಫೈನರಿ ಪೈಪಿನ ಉಕ್ಕು ಸುಮಾರು 240 ಮೆಗಾಪ್ಯಾಸ್ಕಲ್ ದಾಟಿದರೆ ಶಾಶ್ವತವಾಗಿ ಆಕಾರ ಕಳೆದುಕೊಳ್ಳಲು ಶುರುಮಾಡುತ್ತದೆ. ಅಂದರೆ ಕೇವಲ 100 ಡಿಗ್ರಿ ಏರಿದರೆ ಸಾಕು, ಉಕ್ಕು ತನ್ನ ಮಿತಿಗೆ ಬಂದು ನಿಲ್ಲುತ್ತದೆ. ನಮ್ಮ ಲೆಕ್ಕದ ಪೈಪಿನಲ್ಲಿ ಏರಿದ್ದು 120 ಡಿಗ್ರಿ!

ದಪ್ಪ ಪೈಪು ಹಾಕಿದರೆ ಸಾಕಲ್ಲವೇ?

ಇದು ಇನ್ನೊಂದು ಸಾಮಾನ್ಯ ನಂಬಿಕೆ. ಒಳಗಿನ ಒತ್ತಡವನ್ನು ತಡೆಯಲು ದಪ್ಪ ಗೋಡೆ ನೆರವಾಗುತ್ತದೆ, ನಿಜ. ಆದರೆ ಹಿಗ್ಗುವಿಕೆಯಿಂದ ಬರುವ ಪೀಡನದ ಲೆಕ್ಕದಲ್ಲಿ ದಪ್ಪದ ಮಾತೇ ಬರುವುದಿಲ್ಲ. ಮೇಲೆ ಗುಣಿಸಿದ್ದನ್ನು ಇನ್ನೊಮ್ಮೆ ನೋಡಿ. ಅಲ್ಲಿರುವುದು ಉಕ್ಕಿನ ಸ್ವಭಾವ ಮತ್ತು ಏರಿದ ಬಿಸಿ, ಎರಡೇ.

ದಪ್ಪ ಹೆಚ್ಚಿಸಿದರೆ ಕೆಲವೊಮ್ಮೆ ಪರಿಸ್ಥಿತಿ ಬಿಗಡಾಯಿಸುತ್ತದೆ. 8 ಇಂಚಿನ ಪೈಪೊಂದರ ಗೋಡೆ ಸುಮಾರು 8 ಮಿಲಿಮೀಟರ್ ದಪ್ಪವಿದ್ದು, ಅದರ ಎರಡೂ ತುದಿಗಳನ್ನು ಕಟ್ಟಿ 60 ಡಿಗ್ರಿ ಬಿಸಿ ಏರಿಸಿದರೆ ಅದು ಸುಮಾರು 80 ಟನ್ ಬಲದಿಂದ ತುದಿಗಳನ್ನು ತಳ್ಳುತ್ತದೆ. ಗೋಡೆಯ ದಪ್ಪವನ್ನು ಸುಮಾರು 13 ಮಿಲಿಮೀಟರಿಗೆ ಏರಿಸಿದರೆ ತಳ್ಳುವ ಬಲ 120 ಟನ್ ಆಗುತ್ತದೆ. ತುದಿಯಲ್ಲಿರುವುದು ಪಂಪೋ, ಕವಾಟವೋ, ಕಾಂಕ್ರೀಟಿನ ಕಂಬವೋ ಆಗಿರಬಹುದು. ಯಾವುದೂ ಇಂಥ ನೂಕಾಟಕ್ಕೆ ತಯಾರಾಗಿರುವುದಿಲ್ಲ. ವಾಸ್ತವದಲ್ಲಿ ಅಷ್ಟು ಬಲ ಬರುವ ಮೊದಲೇ ಪೈಪು ಪಕ್ಕಕ್ಕೆ ಬಾಗುತ್ತದೆ, ಆಧಾರ ಜರುಗುತ್ತದೆ, ಇಲ್ಲವೇ ಎಲ್ಲೋ ಒಂದು ಜೋಡಣೆ ಸಡಿಲುತ್ತದೆ. ಅಲ್ಲಿಂದಲೇ ಸೋರಿಕೆ ಶುರು.

ಇದಕ್ಕೆ ಪರಿಹಾರ ಗಟ್ಟಿತನದಲ್ಲಿಲ್ಲ, ಬಳುಕುವುದರಲ್ಲಿದೆ. ಮಂಗಳೂರಿನ ರಿಫೈನರಿಯಂಥ ದೊಡ್ಡ ಸ್ಥಾವರಗಳ ಬಳಿ ಹಾದುಹೋಗುವಾಗ, ನೆಟ್ಟಗೆ ಸಾಗುವ ಪೈಪುಗಳು ನಡುನಡುವೆ ಕಾರಣವಿಲ್ಲದೆ ಚೌಕಾಕಾರದ ಕಮಾನಿನಂತೆ ತಿರುವು ಪಡೆದು ಮತ್ತೆ ನೇರವಾಗುವುದನ್ನು ಕಾಣಬಹುದು. ಅದು ಅಡ್ಡ ಬಂದ ಯಾವುದನ್ನೋ ತಪ್ಪಿಸಲು ಮಾಡಿದ ಸುತ್ತು ಎಂದು ಹಲವರು ಭಾವಿಸುತ್ತಾರೆ. ನಿಜದಲ್ಲಿ ಅದು ಹಿಗ್ಗಲು ಬಿಟ್ಟ ಜಾಗ. ಎರಡೂ ಕಡೆಯಿಂದ ಪೈಪು ಹಿಗ್ಗಿ ಬಂದಾಗ ಆ ಕಮಾನಿನ ಕಾಲುಗಳು ತುಸು ಬಾಗಿ ಉದ್ದವನ್ನು ನುಂಗಿಕೊಳ್ಳುತ್ತವೆ. ಇದನ್ನು ಎಕ್ಸ್‌ಪಾನ್ಶನ್ ಲೂಪ್ ಎನ್ನುತ್ತಾರೆ.

ತಣ್ಣಗಿನ ಪೈಪಿಗೇ ಹೆಚ್ಚು ಅಪಾಯ

ಈಗ ಮೊದಲಿನ ಪ್ರಶ್ನೆಗೆ ಮರಳೋಣ. 350 ಡಿಗ್ರಿಯ ಎಣ್ಣೆ ಹರಿಯುವ ಪೈಪಿಗೆ ಹಬೆಯಿಂದ ಅಷ್ಟು ತೊಂದರೆಯಾಗದಿರಲು ಕಾರಣ ಉಕ್ಕಿನ ಧೈರ್ಯವಲ್ಲ. ಅದನ್ನು ವಿನ್ಯಾಸ ಮಾಡಿದವರು 350 ಡಿಗ್ರಿಗೆ ಬೇಕಾದಷ್ಟು ಲೂಪು, ಸರಿಯುವ ಆಧಾರ, ಸ್ಪ್ರಿಂಗ್ ತೂಗುಗಳನ್ನು ಮೊದಲೇ ಕೊಟ್ಟಿರುತ್ತಾರೆ. 150 ಡಿಗ್ರಿ ಆ ಮಿತಿಯೊಳಗೇ ಬರುತ್ತದೆ.

ಆದರೆ ಅದೇ ರಿಫೈನರಿಯಲ್ಲಿ ಸದಾ ವಾತಾವರಣದ ಬಿಸಿಯಲ್ಲೇ ಇರುವ ಪೈಪುಗಳೂ ನೂರಾರು ಇರುತ್ತವೆ. ಎಲ್‌ಪಿಜಿ, ಪೆಟ್ರೋಲ್, ಸಂಗ್ರಹ ತೊಟ್ಟಿಗಳಿಗೆ ಹೋಗುವ ಸಾಲುಗಳು ಇಂಥವು. ಅವು ದಿನವೂ 30-40 ಡಿಗ್ರಿಯಲ್ಲಿರುವುದರಿಂದ ಲೂಪುಗಳು ಕಡಿಮೆ, ಕೆಲವೆಡೆ ಇಲ್ಲವೇ ಇಲ್ಲ. ಅವುಗಳ ಇಡೀ ಬಾಳಿನಲ್ಲಿ ಅತಿ ಹೆಚ್ಚು ಬಿಸಿ ಬರುವುದು ತೊಳೆಯುವ ದಿನವೇ! ಹಾಗಾಗಿ ಎಚ್ಚರ ಬೇಕಾದದ್ದು ಬಿಸಿಗೆ ಒಗ್ಗಿದ ಪೈಪಿಗಿಂತ ಬಿಸಿಯನ್ನೇ ಕಾಣದ ಪೈಪಿನ ಬಗ್ಗೆ.

ಒಳ್ಳೆಯ ವಿನ್ಯಾಸಕಾರರು ಇದನ್ನು ಮೊದಲೇ ಯೋಚಿಸಿ, ದೈನಂದಿನ ಕೆಲಸದ ಬಿಸಿಯ ಜೊತೆಗೆ ಹಬೆ ಹಾಯಿಸುವ ಸ್ಥಿತಿಯನ್ನೂ ಪ್ರತ್ಯೇಕವಾಗಿ ಲೆಕ್ಕ ಹಾಕಿರುತ್ತಾರೆ. ತೊಂದರೆ ಬರುವುದು ಎಲ್ಲಿ ಎಂದರೆ, ಆಮೇಲೆ ಸೇರಿಸಿದ ಪೈಪುಗಳಲ್ಲಿ, ದುರಸ್ತಿಯಲ್ಲಿ ಬದಲಿಸಿದ ಆಧಾರಗಳಲ್ಲಿ, ಯಾರೋ ಅನುಕೂಲಕ್ಕೆಂದು ಬೆಸುಗೆ ಹಾಕಿ ಬಿಗಿದ ಕೊಂಡಿಗಳಲ್ಲಿ. ಕಾಗದದ ಮೇಲೆ ಸರಿಯುವ ಆಧಾರವೆಂದಿದ್ದು ಸ್ಥಳದಲ್ಲಿ ತುಕ್ಕು ಹಿಡಿದು ಅಂಟಿಕೊಂಡಿದ್ದರೆ, ಪೈಪಿನ ಪಾಲಿಗೆ ಅದು ಕಟ್ಟಿಹಾಕಿದಂತೆಯೇ.

ಸಣ್ಣ ಪೈಪುಗಳನ್ನೂ ಮರೆಯುವಂತಿಲ್ಲ. ದೊಡ್ಡ ಪೈಪು 100 ಮಿಲಿಮೀಟರ್ ಸರಿದಾಗ ಅದಕ್ಕೆ ಅಂಟಿದ ಮುಕ್ಕಾಲು ಇಂಚಿನ ಡ್ರೈನ್ ಪೈಪು ಪಕ್ಕದ ಕಂಬಕ್ಕೆ ತಗುಲಿದರೆ, ಮುರಿಯುವುದು ಆ ಸಣ್ಣದೇ. ತೊಳೆಯುವ ಹೊತ್ತಿನಲ್ಲಿ ಡ್ರೈನಿನ ಪಕ್ಕದಲ್ಲೇ ಕೆಲಸಗಾರರು ನಿಂತಿರುತ್ತಾರೆ ಎಂಬುದು ನೆನಪಿರಲಿ.

ಅರ್ಧ ಬಿಸಿ, ಅರ್ಧ ತಣ್ಣಗೆ

ದಪ್ಪ ಗಾಜಿನ ಲೋಟಕ್ಕೆ ಕುದಿಯುವ ಚಹಾ ಸುರಿದರೆ ಅದು ಚಟಕ್ಕನೆ ಸೀಳುವುದುಂಟು. ಅದೇ ಪ್ರಯೋಗಶಾಲೆಯ ತೆಳು ಗಾಜಿನ ನಳಿಕೆ ಸಾಮಾನ್ಯವಾಗಿ ಉಳಿಯುತ್ತದೆ. ದಪ್ಪ ಗಾಜಿನ ಒಳಮೈ ಬಿಸಿಯಾಗಿ ಹಿಗ್ಗುವಾಗ ಹೊರಮೈ ಇನ್ನೂ ತಣ್ಣಗಿರುತ್ತದೆ. ಒಳಗಿನದು ಹೊರಗಿನದನ್ನು ಎಳೆಯುತ್ತದೆ, ಎಳೆತ ತಾಳದ ಗಾಜು ಸೀಳುತ್ತದೆ. ಇಲ್ಲಿ ಯಾರೂ ಲೋಟವನ್ನು ಹೊರಗಿನಿಂದ ಕಟ್ಟಿಹಾಕಿಲ್ಲ. ಒಂದೇ ವಸ್ತುವಿನ ಒಂದು ಭಾಗ ಇನ್ನೊಂದು ಭಾಗವನ್ನು ಕಟ್ಟಿಹಾಕಿದೆ.

ಉಕ್ಕು ಗಾಜಿನಂತೆ ಥಟ್ಟನೆ ಸೀಳುವುದಿಲ್ಲ, ಆದರೆ ಈ ಎಳೆದಾಟ ಅದರಲ್ಲೂ ನಡೆಯುತ್ತದೆ. ತಣ್ಣಗಿನ ಲೋಹಕ್ಕೆ ತಗುಲಿದ ಹಬೆ ಅಲ್ಲೇ ನೀರಾಗುತ್ತಾ ತನ್ನೊಳಗಿನ ಗುಪ್ತೋಷ್ಣವನ್ನೆಲ್ಲ ಒಮ್ಮೆಗೇ ಕೊಡುತ್ತದೆ. ಬಿಸಿ ಗಾಳಿಗಿಂತ ಹಬೆ ಲೋಹವನ್ನು ಬಹಳ ಬೇಗ ಕಾಯಿಸುತ್ತದೆ. ತೆಳು ಪೈಪು ಕ್ಷಣದಲ್ಲಿ ಬಿಸಿಯಾದರೆ, ಅದಕ್ಕೆ ಜೋಡಿಸಿದ ದಪ್ಪ ಕವಾಟದ ಮೈ ಇನ್ನೂ ತಣ್ಣಗಿರುತ್ತದೆ. ಎರಡೂ ಸೇರುವ ಬೆಸುಗೆಯ ಮೇಲೆ ಜಗ್ಗಾಟ ಬೀಳುತ್ತದೆ.

ಪೈಪಿನ ತಳದಲ್ಲಿ ತಣ್ಣಗಿನ ನೀರು ನಿಂತು ಮೇಲ್ಭಾಗದಲ್ಲಿ ಹಬೆ ಹರಿದರೆ ಇನ್ನೊಂದು ತಮಾಷೆ ನಡೆಯುತ್ತದೆ. ಮೇಲ್ಮೈ ಉದ್ದವಾಗುತ್ತದೆ, ತಳ ಹಾಗೇ ಉಳಿಯುತ್ತದೆ, ಪೈಪು ಆಮೆಯ ಬೆನ್ನಿನಂತೆ ಮೇಲಕ್ಕೆ ಉಬ್ಬುತ್ತದೆ. ಅರ್ಧ ಮೀಟರ್ ವ್ಯಾಸದ ಪೈಪಿನಲ್ಲಿ ಮೇಲೆ ಕೆಳಗೆ 50 ಡಿಗ್ರಿ ವ್ಯತ್ಯಾಸವಿದ್ದರೆ, 20 ಮೀಟರ್ ಉದ್ದದಲ್ಲಿ ನಡುಭಾಗ ಸುಮಾರು 60 ಮಿಲಿಮೀಟರ್ ಮೇಲೇಳಲು ನೋಡುತ್ತದೆ. ಆಗ ಪೈಪು ಆಧಾರಗಳನ್ನು ಬಿಟ್ಟು ಎದ್ದು, ಅದರ ಭಾರವೆಲ್ಲ ಉಳಿದ ಆಧಾರಗಳ ಮೇಲೆ ಬೀಳುತ್ತದೆ. ಕೆಲವೊಮ್ಮೆ ಪೈಪಿನಡಿಯ ಪಾದ ತೊಲೆಯಿಂದ ಜಾರಿ ಕೆಳಗಿಳಿದು, ತಣಿದ ಮೇಲೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಪೈಪು ಮರಳಿ ಕುಗ್ಗಲು ಹೋದಾಗ ಹೊಸ ಜಗ್ಗಾಟ ಶುರು.

ಪೈಪುಗಳನ್ನು ಬೋಲ್ಟಿನಿಂದ ಜೋಡಿಸುವ ಫ್ಲಾಂಜುಗಳಲ್ಲೂ ಇದೇ ಕಥೆ. ಹಬೆ ಬಿಟ್ಟಾಗ ಫ್ಲಾಂಜ್ ಮೊದಲು ಬಿಸಿಯಾಗುತ್ತದೆ, ಹೊರಗಿರುವ ಬೋಲ್ಟ್ ನಿಧಾನವಾಗಿ ಬಿಸಿಯಾಗುತ್ತದೆ. ಬೋಲ್ಟ್ ಎಳೆಯಲ್ಪಟ್ಟು ನಡುವಿನ ಗ್ಯಾಸ್ಕೆಟ್ ವಿಪರೀತ ಹಿಂಡಲ್ಪಡುತ್ತದೆ. ತಣಿಯುವಾಗ ತಿರುಗುಮುರುಗು. ಫ್ಲಾಂಜ್ ಮೊದಲು ಕುಗ್ಗುತ್ತದೆ, ಬೋಲ್ಟ್ ಇನ್ನೂ ಉದ್ದವಾಗಿಯೇ ಇರುತ್ತದೆ, ಹಿಡಿತ ಸಡಿಲವಾಗುತ್ತದೆ. ಬಿಸಿಯಾಗಿದ್ದಾಗ ಸೋರದ ಜೋಡಣೆ ತಣಿಯುವಾಗ ಸೋರುವುದು ಇದರಿಂದಲೇ. ನಮ್ಮ ಕರಾವಳಿಯಂಥ ಮಳೆಯ ಊರಿನಲ್ಲಿ ಬಿಸಿ ಫ್ಲಾಂಜಿನ ಮೇಲೆ ಒಮ್ಮೆಲೇ ಮಳೆ ಸುರಿದರೂ ಒಂದು ಪಕ್ಕ ಮಾತ್ರ ತಣಿದು ಹಿಡಿತ ಏರುಪೇರಾಗಬಹುದು.

ಹಬೆ ನೀರಾದಾಗ

ತಣ್ಣಗಿನ ಪೈಪನ್ನು ಕಾಯಿಸಲು ಎಷ್ಟು ಹಬೆ ನೀರಾಗುತ್ತದೆ? ಅದೇ 8 ಇಂಚಿನ ಪೈಪು ಮೀಟರಿಗೆ ಸುಮಾರು 42 ಕಿಲೋ ತೂಗುತ್ತದೆ. ಅದನ್ನು 100 ಡಿಗ್ರಿ ಮೇಲಕ್ಕೆ ಒಯ್ಯಲು ಪ್ರತಿ ಮೀಟರಿಗೂ ಸುಮಾರು 1 ಕಿಲೋ ಹಬೆ ನೀರಾಗಬೇಕು. 100 ಮೀಟರಿಗೆ ಹತ್ತಿರ ಹತ್ತಿರ 100 ಲೀಟರ್ ನೀರು. ಇದನ್ನು ಬಸಿಯದೆ ಬಿಟ್ಟರೆ, ಹಿಂದಿನಿಂದ ವೇಗವಾಗಿ ಬರುವ ಹಬೆ ಆ ನೀರನ್ನು ಗುಂಡಿನಂತೆ ದೂಡಿಕೊಂಡು ಹೋಗಿ ತಿರುವಿಗೆ ಅಪ್ಪಳಿಸುತ್ತದೆ. ಹಬೆಯ ಗುಳ್ಳೆಯೊಂದು ತಣ್ಣಗಿನ ನೀರಿನ ನಡುವೆ ಸಿಕ್ಕಿ ಒಮ್ಮೆಲೇ ಕುಸಿದರೆ ಹೊಡೆತ ಇನ್ನೂ ಜೋರು. ಇದೇ ವಾಟರ್ ಹ್ಯಾಮರ್, ನೀರಿನ ಸುತ್ತಿಗೆ.

2007ರ ಜುಲೈ 18ರಂದು ನ್ಯೂಯಾರ್ಕ್ ನಗರದ ರಸ್ತೆಯಡಿಯ ಹಬೆ ಪೈಪೊಂದು ಸಿಡಿದು, ರಸ್ತೆಯ ನಡುವೆ ದೊಡ್ಡ ಗುಂಡಿಯಾಗಿ, ಹಬೆ ಕಟ್ಟಡಗಳೆತ್ತರಕ್ಕೆ ಚಿಮ್ಮಿತು. ಅದು 1924ರಲ್ಲಿ ಹಾಕಿದ ಪೈಪು. ಅಂದು ಸುರಿದ ಮಳೆಯ ನೀರು ಪೈಪಿನ ಸುತ್ತ ನಿಂತು ಅದನ್ನು ತಣಿಸಿತ್ತು. ಒಳಗೆ ನೀರು ಕೂಡಿತ್ತು, ಅದನ್ನು ಹೊರಹಾಕಬೇಕಿದ್ದ ಸ್ಟೀಮ್ ಟ್ರಾಪುಗಳು ಕಟ್ಟಿಕೊಂಡಿದ್ದವು. ಒಬ್ಬರು ಹೃದಯಾಘಾತದಿಂದ ತೀರಿಕೊಂಡರು, ಹಲವರು ಗಾಯಗೊಂಡರು. ಅದು ರಿಫೈನರಿಯಲ್ಲ, ತೊಳೆಯುವ ಕೆಲಸವೂ ಅಲ್ಲ. ಆದರೆ ತಣ್ಣಗಿನ ಪೈಪು, ಹಬೆ ಮತ್ತು ಬಸಿಯದ ನೀರು ಒಂದೆಡೆ ಸೇರಿದರೆ ಏನಾಗಬಹುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

ತೊಳೆದು ಮುಗಿದ ಮೇಲೂ ಒಂದು ಅಪಾಯ ಕಾದಿರುತ್ತದೆ. ಬಿಸಿ ಸಾರು ತುಂಬಿ ಬಿಗಿಯಾಗಿ ಮುಚ್ಚಿದ ಸ್ಟೀಲ್ ಡಬ್ಬಿಯ ಮುಚ್ಚಳ ತಣಿದ ಮೇಲೆ ತೆಗೆಯಲು ಬಾರದಿರುವುದು ನಮಗೆಲ್ಲ ಗೊತ್ತು. ಒಳಗಿನ ಹಬೆ ನೀರಾಗಿ ಒತ್ತಡ ಇಳಿದಿರುತ್ತದೆ, ಹೊರಗಿನ ಗಾಳಿ ಮುಚ್ಚಳವನ್ನು ಒತ್ತಿ ಹಿಡಿದಿರುತ್ತದೆ. 100 ಡಿಗ್ರಿಯಲ್ಲಿ ಸುಮಾರು 1,670 ಲೀಟರ್ ಜಾಗ ತುಂಬುವ ಹಬೆ, ನೀರಾದರೆ ಬರೀ 1 ಲೀಟರ್. ಹಬೆ ನಿಲ್ಲಿಸಿದ ಕೂಡಲೇ ಎಲ್ಲ ಕವಾಟಗಳನ್ನೂ ಮುಚ್ಚಿಬಿಟ್ಟರೆ ಒಳಗೆ ನಿರ್ವಾತ ಉಂಟಾಗುತ್ತದೆ. ಪೂರ್ಣ ನಿರ್ವಾತದಲ್ಲಿ ಹೊರಗಿನ ಗಾಳಿ ಪ್ರತಿ ಚದರ ಮೀಟರಿಗೆ ಸುಮಾರು 10 ಟನ್ ಬಲದಿಂದ ಒತ್ತುತ್ತದೆ. ಸಣ್ಣ ಪೈಪುಗಳು ಇದನ್ನು ತಾಳಬಲ್ಲವು. ಪೈಪಿಗೆ ಜೋಡಿಸಿದ ತೆಳುಗೋಡೆಯ ದೊಡ್ಡ ಪಾತ್ರೆ, ತೊಟ್ಟಿಗಳು ತಗಡಿನ ಡಬ್ಬಿಯಂತೆ ನಜ್ಜುಗುಜ್ಜಾಗಬಹುದು.

ಒಳಗೆ ಉಳಿದ ಕಾಸ್ಟಿಕ್ ಸೋಡಾ

ಎಲ್‌ಪಿಜಿಯಂಥ ಉತ್ಪನ್ನಗಳಿಂದ ಗಂಧಕದ ಸಂಯುಕ್ತಗಳನ್ನು ತೆಗೆಯಲು ರಿಫೈನರಿಗಳಲ್ಲಿ ಕಾಸ್ಟಿಕ್ ಸೋಡಾ ದ್ರಾವಣ ಬಳಸುತ್ತಾರೆ. ವಾತಾವರಣದ ಬಿಸಿಯಲ್ಲಿ ಅದು ಕಾರ್ಬನ್ ಉಕ್ಕಿಗೆ ಅಷ್ಟೇನೂ ಕೇಡು ಮಾಡುವುದಿಲ್ಲ. ಆದರೆ ಆ ಪೈಪನ್ನು ನೀರಿನಲ್ಲಿ ತೊಳೆಯದೆ ನೇರವಾಗಿ ಹಬೆ ಹಾಯಿಸಿದರೆ, ಉಳಿದ ಕಾಸ್ಟಿಕ್ ಬಿಸಿಯಾಗಿ, ನೀರಿಂಗಿ ಗಾಢವಾಗುತ್ತದೆ. ಆಗ ಅದು ಬೆಸುಗೆಗಳ ಬಳಿ ಉಕ್ಕಿನ ಕಣಗಳ ಸಂದುಗಳಲ್ಲಿ ನುಸುಳಿ ಬಿರುಕು ಹುಟ್ಟಿಸುತ್ತದೆ.

ಬೆಸುಗೆಗಳ ಬಳಿಯೇ ಏಕೆ? ಬೆಸುಗೆ ಹಾಕಿದಾಗ ಕರಗಿದ ಲೋಹ ತಣಿದು ಕುಗ್ಗಲು ನೋಡಿದರೂ ಸುತ್ತಲಿನ ತಣ್ಣಗಿನ ಲೋಹ ಬಿಡುವುದಿಲ್ಲ. ಗಾಡಿಯ ಹಳಿಯ ಬಿಗಿತವೇ ಇಲ್ಲಿ ಬೆಸುಗೆಯೊಳಗೆ ಶಾಶ್ವತವಾಗಿ ಉಳಿದಿರುತ್ತದೆ. ಕಣ್ಣಿಗೆ ಕಾಣದ ಆ ಎಳೆತ, ಕಾಸ್ಟಿಕ್ ಮತ್ತು ಹಬೆಯ ಬಿಸಿ ಮೂರೂ ಸೇರಿದಾಗ ಬಿರುಕು. ಹೊಸ ಬೆಸುಗೆಯನ್ನು ಸುಮಾರು 620 ಡಿಗ್ರಿಗೆ ಕಾಯಿಸಿ ನಿಧಾನವಾಗಿ ತಣಿಸಿದರೆ ಈ ಎಳೆತ ಬಹಳ ಮಟ್ಟಿಗೆ ಇಳಿಯುತ್ತದೆ. ಹಾಗೆ ಮಾಡಿರದ ಪೈಪುಗಳಲ್ಲಿ ಮೊದಲು ನೀರು, ಆಮೇಲಷ್ಟೇ ಹಬೆ. ಅನಿಲಗಳಿಂದ ಹೈಡ್ರೋಜನ್ ಸಲ್ಫೈಡ್ ತೆಗೆಯಲು ಬಳಸುವ ಅಮೀನ್ ದ್ರಾವಣದ ಪೈಪುಗಳಿಗೂ ಇದೇ ನಿಯಮ.

ತೀರಾ ತಣ್ಣಗಾದ ಉಕ್ಕು

ಉಕ್ಕು ಗಾಜಿನಂತೆ ಸೀಳುವುದಿಲ್ಲ ಎಂದೆವು. ಅದು ಸಾಮಾನ್ಯ ಬಿಸಿಯಲ್ಲಿ ನಿಜ. ತೀರಾ ತಣ್ಣಗಾದರೆ ಸಾಮಾನ್ಯ ಕಾರ್ಬನ್ ಉಕ್ಕೂ ಪೆಡಸಾಗುತ್ತದೆ. 1998ರ ಸೆಪ್ಟೆಂಬರ್ 25ರಂದು ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಲಾಂಗ್‌ಫರ್ಡ್ ಅನಿಲ ಸ್ಥಾವರದಲ್ಲಿ ಬಿಸಿ ಎಣ್ಣೆಯ ಹರಿವು ನಿಂತು, ಶಾಖ ವಿನಿಮಯದ ಉಪಕರಣವೊಂದು ಸೊನ್ನೆಗಿಂತ 48 ಡಿಗ್ರಿ ಕೆಳಗಿಳಿಯಿತು. ಹರಿವನ್ನು ಮತ್ತೆ ಶುರುಮಾಡಿ ಬಿಸಿ ಎಣ್ಣೆ ಒಳಬಂದಾಗ ಪೆಡಸಾಗಿದ್ದ ಉಕ್ಕು ಒಡೆಯಿತು. ಹೊರನುಗ್ಗಿದ ಅನಿಲಕ್ಕೆ ಬೆಂಕಿ ಹೊತ್ತಿ ಇಬ್ಬರು ಕೆಲಸಗಾರರು ಸತ್ತರು, 8 ಮಂದಿ ಗಾಯಗೊಂಡರು. ಆ ರಾಜ್ಯದ ಅನಿಲ ಪೂರೈಕೆ ದಿನಗಟ್ಟಲೆ ನಿಂತುಹೋಯಿತು.

ಹಬೆ ಹಾಯಿಸುವವರಿಗೆ ಇದರಲ್ಲೊಂದು ಪಾಠವಿದೆ. ವಾತಾವರಣದ ಒತ್ತಡದಲ್ಲಿ ಪ್ರೊಪೇನ್ ಕುದಿಯುವುದು ಸೊನ್ನೆಗಿಂತ 42 ಡಿಗ್ರಿ ಕೆಳಗೆ. ಎಲ್‌ಪಿಜಿ ಪೈಪಿನ ಒತ್ತಡವನ್ನು ಬೇಗ ಇಳಿಸಿದರೆ ಒಳಗುಳಿದ ದ್ರವ ಕುದಿದು ಪೈಪನ್ನೇ ಹಿಮಗಟ್ಟಿಸಬಹುದು. ಹೊರಮೈಯಲ್ಲಿ ಬಿಳಿ ಹಿಮ ಕಂಡ ಪೈಪಿಗೆ ಹಬೆ ಬಿಡುವಂತಿಲ್ಲ. ಅದು ತಾನಾಗಿ ವಾತಾವರಣದ ಬಿಸಿಗೆ ಬರುವವರೆಗೆ ಕಾಯಬೇಕು.

ಹಾಗಾದರೆ ಪ್ರತಿ ಸಲವೂ ಏಕೆ ಒಡೆಯುವುದಿಲ್ಲ?

ಲೆಕ್ಕಗಳು ಇಷ್ಟು ಹೆದರಿಸಿದರೂ ಹಬೆ ಹಾಯಿಸಿದ ಬಹುಪಾಲು ಪೈಪುಗಳು ಚೆನ್ನಾಗಿಯೇ ಉಳಿಯುತ್ತವೆ. ಕಾರಣ, ಉಷ್ಣ ಪೀಡನಕ್ಕೆ ಒಂದು ವಿಶೇಷ ಗುಣವಿದೆ. ಪೈಪಿನ ಮೇಲೆ ಭಾರ ಹೇರಿದರೆ, ಪೈಪು ಬಾಗಿದರೂ ಭಾರ ಕಡಿಮೆಯಾಗುವುದಿಲ್ಲ. ಹಿಗ್ಗುವಿಕೆಯ ವಿಷಯದಲ್ಲಿ ಹಾಗಲ್ಲ. ಪೈಪು ಎಲ್ಲೋ ಒಂದು ಕಡೆ ತುಸು ಬಾಗಿದರೆ ಹಿಗ್ಗಲು ಜಾಗ ಸಿಕ್ಕಿ ಬಿಗಿತ ತಾನೇ ಇಳಿಯುತ್ತದೆ. ಹಾಗಾಗಿ ಒಂದು ಸಲ ಮಿತಿ ದಾಟಿದ ಮಾತ್ರಕ್ಕೆ ಪೈಪು ತುಂಡಾಗಬೇಕಿಲ್ಲ. ಅಪಾಯ ಇರುವುದು ಅದು ಮತ್ತೆ ಮತ್ತೆ ನಡೆದಾಗ. ತಂತಿಯನ್ನು ಒಮ್ಮೆ ಬಾಗಿಸಿದರೆ ಮುರಿಯುವುದಿಲ್ಲ, ಹಿಂದೆ ಮುಂದೆ ಹತ್ತಾರು ಸಲ ಬಾಗಿಸಿದರೆ ಮುರಿಯುತ್ತದೆ.

ರಿಫೈನರಿ ಪೈಪುಗಳಿಗೆ ಜಗತ್ತಿನ ಹಲವೆಡೆ ಬಳಸುವ ಎಎಸ್‌ಎಂಇ ಬಿ31.3 ಸಂಹಿತೆ ಇದೇ ತತ್ವದ ಮೇಲೆ ನಿಂತಿದೆ. ಬಿಸಿ ತಣ್ಣಗಿನ ನಡುವೆ ಪೀಡನ ಎಷ್ಟು ಏರಿಳಿಯಬಹುದು ಎಂಬುದಕ್ಕೆ ಅದು ಮಿತಿ ಹಾಕುತ್ತದೆ. 7,000 ಸುತ್ತುಗಳವರೆಗೆ ಆ ಮಿತಿಯನ್ನು ಪೂರ್ತಿ ಬಳಸಬಹುದು, ಅದಕ್ಕೂ ಹೆಚ್ಚು ಸುತ್ತುಗಳಾದರೆ ಮಿತಿಯನ್ನು ತಗ್ಗಿಸಬೇಕು. ದಿನಕ್ಕೊಂದು ಸುತ್ತಿನಂತೆ ಇದು ಸುಮಾರು 19 ವರ್ಷ. ಕೆಲವು ವರ್ಷಗಳಿಗೊಮ್ಮೆ ತೊಳೆಯುವ ಪೈಪಿನಲ್ಲಿ ಸುತ್ತುಗಳ ಸಂಖ್ಯೆ ಬಹಳ ಕಡಿಮೆ. ಆದರೆ ಪದೇ ಪದೇ ಕಾದು ತಣಿಯುವ ಉಪಕರಣಗಳಲ್ಲಿ ದಣಿವು ಕಣ್ಣಿಗೇ ಕಾಣುತ್ತದೆ. ರಿಫೈನರಿಯ ಕೋಕ್ ಡ್ರಮ್ಮುಗಳು 400 ಡಿಗ್ರಿಗೂ ಮೇಲೆ ಕಾದು, ಆಮೇಲೆ ಹಬೆ, ನೀರುಗಳಿಂದ ತಣಿಯುತ್ತವೆ. ಒಂದೆರಡು ದಿನಕ್ಕೊಮ್ಮೆ ಇದು ನಡೆಯುವುದರಿಂದ ವರ್ಷಗಳು ಕಳೆದಂತೆ ಅವುಗಳ ಮೈ ಉಬ್ಬುತ್ತದೆ, ಬೆಸುಗೆಗಳಲ್ಲಿ ಬಿರುಕು ಮೂಡುತ್ತದೆ.

ಇಲ್ಲೊಂದು ಎಚ್ಚರಿಕೆ. 'ಬಿಗಿತ ತಾನೇ ಇಳಿಯುತ್ತದೆ' ಎಂಬ ನಿಯಮ ಬಾಗಬಲ್ಲ ಉಕ್ಕಿಗೆ ಮಾತ್ರ. ಪೆಡಸಾದ ಎರಕದ ಕಬ್ಬಿಣ, ಹಿಮಗಟ್ಟಿದ ಉಕ್ಕು, ಕಾಸ್ಟಿಕ್ ನುಸುಳಿದ ಬೆಸುಗೆ, ತುಕ್ಕಿನಿಂದ ತೆಳುವಾದ ಜಾಗ, ಇವು ಬಾಗುವ ಮೊದಲೇ ಸೀಳುತ್ತವೆ.

ಸರಿಯಾದ ಕ್ರಮ ಹೇಗೆ?

ಮೇಲಿನದನ್ನೆಲ್ಲ ಒಟ್ಟುಗೂಡಿಸಿದರೆ ಅನುಭವಿಗಳು ಪಾಲಿಸುವ ಕ್ರಮಗಳ ಕಾರಣ ತಾನಾಗಿ ತಿಳಿಯುತ್ತದೆ.

• ಆ ಪೈಪನ್ನು ಹಬೆಯ ಬಿಸಿಗೆ ಲೆಕ್ಕ ಹಾಕಲಾಗಿದೆಯೇ ಎಂದು ಮೊದಲು ದಾಖಲೆಯಲ್ಲಿ ನೋಡಬೇಕು. ಇಲ್ಲದಿದ್ದರೆ ಲೆಕ್ಕ ಹಾಕಿಸಬೇಕು, ಇಲ್ಲವೇ ಸಾರಜನಕ ಅಥವಾ ನೀರಿನಂಥ ಬೇರೆ ದಾರಿ ಹಿಡಿಯಬೇಕು.

• ಪೈಪಿನ ಉದ್ದಕ್ಕೂ ನಡೆದು ಆಧಾರಗಳನ್ನು ಕಣ್ಣಾರೆ ನೋಡಬೇಕು. ನೀರಿನ ಒತ್ತಡ ಪರೀಕ್ಷೆಗೆಂದು ಸ್ಪ್ರಿಂಗ್ ತೂಗುಗಳಿಗೆ ಹಾಕಿದ ಪಿನ್ನುಗಳು ಹಾಗೇ ಉಳಿದಿದ್ದರೆ ಸ್ಪ್ರಿಂಗು ಕೆಲಸ ಮಾಡುವುದಿಲ್ಲ.

• ಎರಡು ಮುಚ್ಚಿದ ಕವಾಟಗಳ ನಡುವೆ ದ್ರವ ಸಿಕ್ಕಿಕೊಳ್ಳದಂತೆ ನೋಡಬೇಕು. ಹಿಗ್ಗಲು ಎಡೆಯಿಲ್ಲದ ದ್ರವದ ಒತ್ತಡ ಏರುವ ಒಂದೊಂದು ಡಿಗ್ರಿಗೂ ಹಲವು ಬಾರ್ ಹೆಚ್ಚಬಹುದು.

• ತಗ್ಗಿನಲ್ಲಿರುವ ಡ್ರೈನುಗಳನ್ನೂ ಎತ್ತರದ ವೆಂಟುಗಳನ್ನೂ ತೆರೆದಿಟ್ಟು, ಹಬೆಯನ್ನು ಸ್ವಲ್ಪ ಸ್ವಲ್ಪವೇ ಬಿಡಬೇಕು. ಡ್ರೈನಿನಿಂದ ನೀರು ನಿಂತು ಒಣ ಹಬೆ ಬರುವವರೆಗೆ ಕವಾಟವನ್ನು ಪೂರ್ತಿ ತೆರೆಯಬಾರದು.

• ಒಟ್ಟೊಟ್ಟಿಗೆ ಕೂಡಿಸಿದ ಜೋಡಿ ಪೈಪುಗಳಲ್ಲಿ ಒಂದನ್ನು ಮಾತ್ರ ಕಾಯಿಸಿ ಇನ್ನೊಂದನ್ನು ತಣ್ಣಗೆ ಬಿಡಬಾರದು.

• ಮುಗಿದ ಮೇಲೆ ವೆಂಟ್ ತೆರೆದೇ ಇಟ್ಟು ನಿಧಾನವಾಗಿ ತಣಿಯಲು ಬಿಡಬೇಕು. ಬೇಗ ಆಗಲೆಂದು ತಣ್ಣೀರು ಹುಯ್ಯಬಾರದು. ತಣಿದ ಮೇಲೆ ಫ್ಲಾಂಜುಗಳನ್ನೂ ಆಧಾರಗಳನ್ನೂ ಮತ್ತೊಮ್ಮೆ ನೋಡಬೇಕು.

ಇವುಗಳಲ್ಲಿ ಯಾವುದಕ್ಕೂ ದುಬಾರಿ ಯಂತ್ರ ಬೇಕಿಲ್ಲ. ಬೇಕಾದದ್ದು ಸಮಯ. ಶಟ್‌ಡೌನಿನಲ್ಲಿ ಕೊರತೆಯಾಗುವುದೂ ಅದೇ. ಘಟಕ ನಿಂತ ಪ್ರತಿ ಗಂಟೆಗೂ ನಷ್ಟದ ಲೆಕ್ಕವಿರುತ್ತದೆ, 'ಇನ್ನೂ ಎಷ್ಟು ಹೊತ್ತು?' ಎಂಬ ಒತ್ತಾಯ ಮೇಲಿನಿಂದ ಬರುತ್ತಲೇ ಇರುತ್ತದೆ. ಹಬೆಯ ಕವಾಟದ ಬಳಿ ನಿಂತವರು ಹೆಚ್ಚಾಗಿ ಗುತ್ತಿಗೆಯ ಕೆಲಸಗಾರರು. ನಿಧಾನ ಮಾಡಿದರೆ ಬೈಗುಳ ಅವರಿಗೆ, ಅವಸರ ಮಾಡಿ ಜೋಡಣೆ ಬಿಟ್ಟರೆ ಸುಡುವುದೂ ಅವರನ್ನೇ. ಒಂದು ಪೈಪನ್ನು ಒಂದು ಗಂಟೆ ನಿಧಾನವಾಗಿ ಕಾಯಿಸುವುದು ಸೋಮಾರಿತನವಲ್ಲ, ಅದೂ ಲೆಕ್ಕದ ಒಂದು ಭಾಗ ಎಂಬುದು ಅವಸರ ಪಡಿಸುವವರಿಗೂ ತಿಳಿದಿರಬೇಕು.